ಮಾತೆಯ ಆಮೆನ್

(ಮಾರ್ಚ್ 25, ಮಂಗಳವಾರ್ತೆಯ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಇಂದಿನ ಬಲಿಪೂಜೆ ಆರಂಭವಾಗಿ ಇನ್ನೂ ಕಾಲು ಗಂಟೆ ಕಳೆದಿರಬಹುದು. ಅಷ್ಟರಲ್ಲೇ ನಾವೆಲ್ಲರೂ ಒಂದು ಪುಟ್ಟ ಪದವನ್ನು ನಾಲ್ಕು ಸಲ ಹೇಳಿಬಿಟ್ಟಿದ್ದೇವೆ. ಶಿಲುಬೆಯ ಗುರುತು ಹಾಕಿದಾಗ ಒಮ್ಮೆ, ಪಾಪಕ್ಷಮೆಯ ಪ್ರಾರ್ಥನೆಯಾದ ಮೇಲೆ ಒಮ್ಮೆ, ತಪಸ್ಸು ಕಾಲದಲ್ಲಿ ಹಾಡದ ಮಹಿಮಾಗೀತೆಯನ್ನು ಇಂದು ಮಹಾಹಬ್ಬವೆಂದು ಹಾಡಿದೆವಲ್ಲ, ಅದರ ಕೊನೆಯಲ್ಲಿ ಒಮ್ಮೆ, ಆರಂಭದ ಪ್ರಾರ್ಥನೆಗೆ ಮತ್ತೊಮ್ಮೆ. ಆ ಪದ ಯಾವುದೆಂದು ಮಕ್ಕಳಿಗೂ ಗೊತ್ತು. ಆದರೆ ಅದರ ಅರ್ಥವೇನು, ಅದು ಯಾವ ಭಾಷೆಯದು ಎಂದು ಧರ್ಮೋಪದೇಶದ ತರಗತಿಯಲ್ಲಿ ಕೇಳಿದರೆ, "ಪ್ರಾರ್ಥನೆ ಮುಗಿಯಿತು ಅಂತ ಅರ್ಥ ಫಾದರ್" ಎನ್ನುವ ಮಕ್ಕಳೇ ಹೆಚ್ಚು. ನಗುವಂತಿಲ್ಲ. ದೊಡ್ಡವರಾದ ನಮ್ಮಲ್ಲಿಯೂ ಅನೇಕರಿಗೆ ಆಮೆನ್ ಎಂದರೆ ವಾಕ್ಯದ ಕೊನೆಗಿಡುವ ಚುಕ್ಕೆಯಷ್ಟೇ.

ಮಂಗಳವಾರ್ತೆಯ ಹಬ್ಬಕ್ಕೂ ಈ ಪದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಅದನ್ನು ಕಾಣಲು ಸ್ವಲ್ಪ ದೂರ ಹೋಗಿ ಬರಬೇಕು.

ಆಮೆನ್ ಹೀಬ್ರೂ ಭಾಷೆಯ ಪದ. ಆ ಭಾಷೆಯಲ್ಲಿ ಬಹುಪಾಲು ಪದಗಳು ಮೂರು ವ್ಯಂಜನಗಳ ಒಂದು ಬೇರಿನಿಂದ ಹುಟ್ಟುತ್ತವೆ. ಆಲೆಫ್, ಮೆಮ್, ನೂನ್ ಎಂಬ ಮೂರು ಅಕ್ಷರಗಳು ಇದರ ಬೇರು. ಗಟ್ಟಿಯಾಗಿರುವುದು, ಅಲುಗಾಡದೆ ನಿಲ್ಲುವುದು, ಭಾರ ಹಾಕಿದರೂ ಕುಸಿಯದಿರುವುದು ಎಂಬುದು ಇದರ ಮೂಲ ಭಾವ. ಹಿಜ್ಕೀಯ ಅರಸನು ದೇವಾಲಯದಲ್ಲಿ ಬಂಗಾರ ಹೊದಿಸಿದ್ದ ಕಂಬಗಳಿಗೆ ಅರಸುಗಳ ಗ್ರಂಥವು ಇದೇ ಬೇರಿನ ಪದವನ್ನು ಬಳಸುತ್ತದೆ. ಗೋಡೆಗೆ ಗೂಟ ಹೊಡೆಯುವಾಗ ಮಣ್ಣು ಉದುರದ ಗಟ್ಟಿ ಜಾಗ ಹುಡುಕುತ್ತೇವಲ್ಲ, ಆ ಜಾಗಕ್ಕೂ ಪ್ರವಾದಿ ಯೆಶಾಯರು ಇದೇ ಪದ ಹೇಳುತ್ತಾರೆ. ಅಮಾಲೇಕ್ಯರೊಡನೆ ಯುದ್ಧ ನಡೆದಾಗ ಮೋಶೆಯ ಕೈಗಳು ಸೋತು ಕೆಳಗಿಳಿಯದಂತೆ ಆರೋನನೂ ಹೂರನೂ ಆ ಕಡೆ ಈ ಕಡೆ ಎತ್ತಿ ಹಿಡಿದರು. ಸೂರ್ಯ ಮುಳುಗುವತನಕ ಆ ಕೈಗಳು 'ಎಮುನಾ' ಆಗಿದ್ದವು, ಅಂದರೆ ಸ್ಥಿರವಾಗಿದ್ದವು. ಅದೇ 'ಎಮುನಾ' ಎಂಬ ಪದವೇ ವಿಶ್ವಾಸ, ನಂಬಿಗಸ್ತಿಕೆ ಎಂಬುದಕ್ಕೂ ಹೀಬ್ರೂ ಪದ. ಸತ್ಯ ಎಂಬುದಕ್ಕೆ ಅವರು ಹೇಳುವ 'ಎಮೆತ್' ಕೂಡ ಇದರ ಒಡಹುಟ್ಟು.

ನಮಗೆ ಈ ಬೇರಿನ ಪದಗಳಲ್ಲಿ ತೀರಾ ಇಷ್ಟವಾದದ್ದು ಇನ್ನೊಂದಿದೆ. ಹೀಬ್ರೂವಿನಲ್ಲಿ ಮಗುವನ್ನು ಎತ್ತಿ ಆಡಿಸಿ ಸಾಕುವ ದಾದಿಗೆ 'ಓಮೆನೆತ್' ಎನ್ನುತ್ತಾರೆ. ರೂತಳ ಮಗುವನ್ನು ನವೊಮಿ ಮಡಿಲಲ್ಲಿಟ್ಟುಕೊಂಡು ಓಮೆನೆತ್ ಆದಳು. ಯೆಶಾಯರ ಗ್ರಂಥದ 60ನೇ ಅಧ್ಯಾಯದಲ್ಲಿ, ಸೆರೆಯಿಂದ ಬಿಡುಗಡೆಯಾದ ಹೆಣ್ಣುಮಕ್ಕಳನ್ನು ಸೊಂಟದ ಮೇಲೆ ಎತ್ತಿಕೊಂಡು ಬರುತ್ತಾರೆಂದು ಹೇಳುವಲ್ಲಿಯೂ ಇದೇ ಬೇರು. ನಮ್ಮ ತಾಯಂದಿರು ಒಂದು ಕೈಯಲ್ಲಿ ನೀರಿನ ಬಿಂದಿಗೆ, ಸೊಂಟದ ಮೇಲೆ ಮಗು ಹೊತ್ತು ನಡೆಯುತ್ತಿದ್ದುದನ್ನು ನಾವೆಲ್ಲ ನೋಡಿದ್ದೇವೆ. ಆ ಮಗುವಿಗೆ ಬೀಳುತ್ತೇನೆಂಬ ಭಯವಿಲ್ಲ. ಅಮ್ಮನ ಸೀರೆಯ ಸೆರಗನ್ನು ಹಿಡಿದು ಅದು ದಾರಿಹೋಕರನ್ನೆಲ್ಲ ನೋಡುತ್ತಾ ಕುಳಿತಿರುತ್ತದೆ. ಸೃಷ್ಟಿಕರ್ತರ ಸೊಂಟದ ಮೇಲೆ ಹಾಗೆ ಕುಳಿತಿದ್ದೇವೆ ಎನ್ನುವುದು ಆಮೆನ್ ಎಂಬ ಪದದ ಒಳಗಿನ ಚಿತ್ರ.

ಈ ಬೇರು ಹೀಬ್ರೂವಿನಲ್ಲೇ ಉಳಿಯಲಿಲ್ಲ. ಪ್ರಭು ಯೇಸುವೂ ಮಾತೆ ಮರಿಯಮ್ಮನವರೂ ಮನೆಯಲ್ಲಿ ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಇದೆ. ಸಿರಿಯಾಕ್ ಸಂಪ್ರದಾಯದ ಸಭೆಗಳಲ್ಲಿ 'ಆಮೀನ್' ಎನ್ನುತ್ತಾರೆ. ಇಥಿಯೋಪಿಯಾದ ಕ್ರೈಸ್ತರು ವಿಶ್ವಾಸಕ್ಕೆ 'ಹೈಮಾನೋತ್' ಎನ್ನುವುದೂ ಇದೇ ಕುಟುಂಬದ್ದು. ನಮ್ಮ ಮುಸ್ಲಿಂ ಸಹೋದರರು ನಮಾಜಿನಲ್ಲಿ 'ಆಮೀನ್' ಎನ್ನುವುದನ್ನು ನೀವು ಕೇಳಿರುತ್ತೀರಿ. ಅರಬ್ಬಿಯಲ್ಲಿ ಇದೇ ಬೇರಿನಿಂದ ಹುಟ್ಟಿದ 'ಈಮಾನ್' ಎಂದರೆ ವಿಶ್ವಾಸ, 'ಅಮೀನ್' ಎಂದರೆ ನಂಬಿಕಸ್ತ, 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು. ಇವು ನಮ್ಮ ಕನ್ನಡದ ಮನೆಗೂ ಬಂದು ಕುಳಿತಿವೆ. ಕೋರ್ಟಿನಿಂದ ನೋಟಿಸು ತರುವ ಅಮೀನ, ಪತ್ರಿಕೆಯಲ್ಲಿ ದಿನಾ ಓದುವ ನೌಕರನ ಅಮಾನತು, ಬೈಗುಳದ 'ಬೇಮಾನ್', ಎಲ್ಲವೂ ಆಮೆನ್‌ನ ದೂರದ ನೆಂಟರೇ. ನಂಬಿಕೆಯ ಪದ ಹೋಗಿ ಹೋಗಿ ಅಮಾನತಿಗೆ ಬಂದು ನಿಂತಿದ್ದು ಸ್ವಲ್ಪ ತಮಾಷೆಯೇ!

ಕೆಲವರು ಇದನ್ನು ಈಜಿಪ್ಟಿನ ಅಮೂನ್ ಎಂಬ ದೇವತೆಯ ಹೆಸರಿಗೆ ಜೋಡಿಸುತ್ತಾರೆ. ಇನ್ನು ಕೆಲವರು ನಮ್ಮ 'ಓಂ'ಗೆ ಜೋಡಿಸುತ್ತಾರೆ. ತಮಿಳಿನ 'ಆಮ್' ಅಂದರೆ ಹೌದು ಎಂಬುದಕ್ಕೂ ಜೋಡಿಸುವವರಿದ್ದಾರೆ. ಕಿವಿಗೆ ಹತ್ತಿರ ಕೇಳಿಸುತ್ತದೆ, ಅಷ್ಟೇ. ಬೇರು ಬೇರೆ ಬೇರೆ.

ಇನ್ನು 'ತಥಾಸ್ತು'. ಆಮೆನ್ ಎಂದರೆ ತಥಾಸ್ತು ಎಂದು ನಾವೇ ಎಷ್ಟೋ ಸಲ ಸುಲಭವಾಗಿ ವಿವರಿಸಿದ್ದೇವೆ. ಶಬ್ದಾರ್ಥ ಸರಿಯೇ, 'ಹಾಗೇ ಆಗಲಿ' ಎಂದೇ ಎರಡಕ್ಕೂ. ಆದರೆ ಯಕ್ಷಗಾನದಲ್ಲಿ, ಪೌರಾಣಿಕ ನಾಟಕದಲ್ಲಿ ನೋಡಿ: ಭಕ್ತ ತಪಸ್ಸು ಮಾಡಿ ವರ ಕೇಳುತ್ತಾನೆ, ದೇವರು ಕೈ ಎತ್ತಿ 'ತಥಾಸ್ತು' ಎನ್ನುತ್ತಾನೆ. ಹೇಳುವವರು ಮೇಲಿನವರು, ಕೇಳುವವರು ಕೆಳಗಿನವರು. ಬೈಬಲ್‌ನಲ್ಲಿ ಇದು ತಿರುಗಿದೆ. ಮಾತು ದೇವರದ್ದು, 'ಹಾಗೇ ಆಗಲಿ' ಎನ್ನುವ ಉತ್ತರ ಮನುಷ್ಯರದ್ದು. ದೇವರೇ ಮನುಷ್ಯರ ತಥಾಸ್ತುವಿಗಾಗಿ ಕಾಯುತ್ತಾರೆ. ಇಂದಿನ ಹಬ್ಬದ ಗುಟ್ಟು ಇಲ್ಲೇ ಇದೆ.

ಕ್ರಿಸ್ತ ಪೂರ್ವದ ಶತಮಾನಗಳಲ್ಲಿ ಯೆಹೂದ್ಯರು ಹಳೆಯ ಒಡಂಬಡಿಕೆಯನ್ನು ಗ್ರೀಕ್ ಭಾಷೆಗೆ ಅನುವಾದಿಸಿದರು. ಸೆಪ್ಟುಅಜಿಂಟ್ ಎಂದು ಅದಕ್ಕೆ ಹೆಸರು. ಅದರಲ್ಲಿ ಆಮೆನ್ ಎಂದಿದ್ದಲ್ಲೆಲ್ಲ ಹೆಚ್ಚಾಗಿ 'ಗೆನೊಯಿತೊ' ಎಂಬ ಗ್ರೀಕ್ ಪದವಿದೆ. 'ಆಗಲಿ' ಎಂದರ್ಥ. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಸಂತ ಜಸ್ಟಿನ್ ಕ್ರೈಸ್ತರ ಪೂಜೆಯ ಬಗ್ಗೆ ರೋಮನ್ ಚಕ್ರವರ್ತಿಗೆ ವಿವರಿಸಿ ಬರೆಯುತ್ತಾ, ಜನರೆಲ್ಲ ಆಮೆನ್ ಎನ್ನುತ್ತಾರೆ, ಹೀಬ್ರೂವಿನ ಆ ಪದಕ್ಕೆ 'ಗೆನೊಯಿತೊ' ಎಂದರ್ಥ ಎಂದು ತಿಳಿಸುತ್ತಾರೆ. ಈಗ ಸಂತ ಲೂಕರ ಶುಭಸಂದೇಶದ ಗ್ರೀಕ್ ಮೂಲವನ್ನು ತೆರೆಯಿರಿ. ಗಬ್ರಿಯೇಲ ದೂತನಿಗೆ ಮರಿಯಮ್ಮನವರು ಕೊಟ್ಟ ಉತ್ತರದಲ್ಲಿ, ತಮ್ಮನ್ನು ಪ್ರಭುವಿನ ದಾಸಿಯೆಂದು ಕರೆದುಕೊಂಡ ನಂತರ ಬರುವ ಪದ ಇದೇ 'ಗೆನೊಯಿತೊ'. ಲತೀನಿನಲ್ಲಿ 'ಫಿಯಾತ್'. ಸಂತ ಲೂಕರ ಮಾತನ್ನು ಗ್ರೀಕ್ ಬೈಬಲ್ ಓದಿ ಬೆಳೆದ ಕಿವಿಯಿಂದ ಕೇಳಿದರೆ, ಮರಿಯಮ್ಮನವರು ಅಂದು ನಜರೇತಿನಲ್ಲಿ ಹೇಳಿದ್ದು ಆಮೆನ್.

ಆ ಆಮೆನ್ ಅಷ್ಟು ಹಗುರವಾಗಿರಲಿಲ್ಲ. ಸಂಖ್ಯಾಕಾಂಡದ 5ನೇ ಅಧ್ಯಾಯದಲ್ಲಿ ಒಂದು ಕಠಿಣವಾದ ವಿಧಿಯಿದೆ. ಹೆಂಡತಿಯ ಮೇಲೆ ಗಂಡನಿಗೆ ಸಂಶಯ ಬಂದರೆ ಅವಳನ್ನು ಯಾಜಕನ ಮುಂದೆ ನಿಲ್ಲಿಸುತ್ತಿದ್ದರು. ಯಾಜಕನು ಪವಿತ್ರ ಜಲಕ್ಕೆ ಗುಡಾರದ ನೆಲದ ಧೂಳು ಹಾಕಿ, ಶಾಪದ ಮಾತುಗಳನ್ನು ಬರೆದು ಆ ನೀರಿನಲ್ಲಿ ತೊಳೆದು ಕುಡಿಸುತ್ತಿದ್ದ. ಕುಡಿಯುವ ಮುನ್ನ ಆ ಹೆಣ್ಣು ಹೇಳಬೇಕಾದ ಮಾತು 'ಆಮೆನ್, ಆಮೆನ್'. ಬೈಬಲ್‌ನ ಪುಟಗಳನ್ನು ಮೊದಲಿನಿಂದ ತಿರುವುತ್ತಾ ಹೋದರೆ ಆಮೆನ್ ಎಂಬ ಪದ ಮೊದಲು ಸಿಗುವುದು ಇಲ್ಲಿಯೇ, ಸಂಶಯಕ್ಕೆ ಗುರಿಯಾದ ಒಬ್ಬ ಹೆಣ್ಣಿನ ಬಾಯಲ್ಲಿ. ಗ್ರೀಕ್ ಅನುವಾದದಲ್ಲಿ 'ಗೆನೊಯಿತೊ, ಗೆನೊಯಿತೊ'. ಮದುವೆ ನಿಶ್ಚಯವಾದ ಹೆಣ್ಣು ತಪ್ಪಿತಸ್ಥಳೆಂದು ಸಾಬೀತಾದರೆ ಕಲ್ಲೆಸೆದು ಕೊಲ್ಲುವ ಶಿಕ್ಷೆಯೂ ಧರ್ಮೋಪದೇಶಕಾಂಡದಲ್ಲಿದೆ. ನಜರೇತಿನ ಆ ಹುಡುಗಿಗೆ ಇದೆಲ್ಲ ತಿಳಿಯದ ಸಂಗತಿಯಾಗಿರಲಾರದು. ಎರಡನೆಯ ಶತಮಾನದಲ್ಲಿ ಯಕೋಬರ ಹೆಸರಿನಲ್ಲಿ ಬರೆಯಲಾದ ಒಂದು ಗ್ರಂಥವಿದೆ. ಅದು ಬೈಬಲ್‌ಗೆ ಸೇರಿದ್ದಲ್ಲ. ಅದರಲ್ಲಿ ಯಾಜಕರು ಮರಿಯಮ್ಮನವರಿಗೂ ಜೋಸೆಫರಿಗೂ ಆ ಪರೀಕ್ಷೆಯ ನೀರನ್ನು ಕುಡಿಸಿದರೆಂಬ ಕಥೆ ಬರುತ್ತದೆ. ಕಥೆಯನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ಆಗಿನ ಕ್ರೈಸ್ತರಿಗೆ ಮರಿಯಮ್ಮನವರ ಒಂದು ಮಾತಿನ ಬೆಲೆ ಎಷ್ಟೆಂಬ ಅರಿವಿತ್ತು.

ಕನ್ನಡದಲ್ಲಿ 'ಆಗಲಿ' ಎಂಬುದನ್ನು ಎರಡು ರೀತಿ ಹೇಳಬಹುದು. ಬೇರೆ ದಾರಿಯಿಲ್ಲದೆ "ಆಯ್ತು, ಆಗಲಿ ಬಿಡಿ" ಎನ್ನುವುದು ಒಂದು. ಮನೆಗೆ ಮೊಮ್ಮಗು ಬರುವ ಸುದ್ದಿ ಕೇಳಿದ ಅಜ್ಜಿ "ಆಗಲಪ್ಪಾ, ಒಳ್ಳೆಯದಾಗಲಿ" ಎನ್ನುವುದು ಇನ್ನೊಂದು. ಪರಲೋಕದ ತಂದೆಗೆ ಹೇಳುವ ಜಪದಲ್ಲಿಯೂ, ಗೆತ್ಸೆಮನೆ ತೋಟದ ಪ್ರಾರ್ಥನೆಯಲ್ಲಿಯೂ ಅದೇ ಗ್ರೀಕ್ ಕ್ರಿಯಾಪದದ ವಿಧಿರೂಪವಿದೆ. ಮರಿಯಮ್ಮನವರ ಬಾಯಲ್ಲಿರುವುದು ಹಾರೈಕೆಯ ರೂಪ, ಮನಸ್ಸು ಬಯಸಿ ಹೇಳುವ ರೂಪ. ತಲೆ ತಗ್ಗಿಸಿ ಸೋತು ಹೇಳಿದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಂತ ಬೆರ್ನಾರ್ದರು ಈ ಶುಭಸಂದೇಶದ ಮೇಲೆ ಪ್ರಬೋಧನೆ ಮಾಡುತ್ತಾ, ಆದಾಮನೂ ಅಬ್ರಹಾಮನೂ ದಾವೀದನೂ ಇಡೀ ಲೋಕವೂ ಆಕೆಯ ಉತ್ತರಕ್ಕಾಗಿ ಕಾಲಿಗೆ ಬಿದ್ದು ಕಾಯುತ್ತಿದೆ, ಬೇಗ ಉತ್ತರ ಕೊಡಮ್ಮಾ ಎಂದು ಬೇಡುತ್ತಾರೆ. ದೂತನೂ ಕಾಯುತ್ತಾನೆ. ಒತ್ತಾಯ ಮಾಡುವುದಿಲ್ಲ.

ಇಂದಿನ ಮೊದಲ ವಾಚನದಲ್ಲಿ ಅರಸ ಆಹಾಜನನ್ನು ಕಂಡೆವು. ಕ್ರಿ.ಪೂ. 735ರ ಆಸುಪಾಸಿನ ಮಾತು. ಇಬ್ಬರು ಅರಸರು ಸೇರಿ ಜೆರುಸಲೇಮಿನ ಮೇಲೆ ದಂಡೆತ್ತಿ ಬಂದಿದ್ದರು. ನಾವು ಓದಿದ ಭಾಗಕ್ಕೆ ಮುಂಚಿನ ವಾಕ್ಯದಲ್ಲೇ ಪ್ರವಾದಿ ಯೆಶಾಯರು ಆಮೆನ್ ಎಂಬ ಬೇರನ್ನು ಎರಡು ಸಲ ಬಳಸಿ ಅವನಿಗೆ ಒಂದು ಎಚ್ಚರಿಕೆ ಕೊಡುತ್ತಾರೆ. ನಂಬುವುದು, ನಿಲ್ಲುವುದು ಎರಡಕ್ಕೂ ಅಲ್ಲಿ ಒಂದೇ ಬೇರು. ನೆಚ್ಚದವನು ನಿಲ್ಲಲಾರ ಎಂದರೆ ಕನ್ನಡದಲ್ಲಿ ಸ್ವಲ್ಪ ಹತ್ತಿರ ಬರಬಹುದು. ಆಹಾಜ ನೆಚ್ಚಲಿಲ್ಲ. ದೇವರನ್ನು ಪರೀಕ್ಷಿಸುವುದಿಲ್ಲ ಎಂದು ಭಕ್ತಿಯ ಮಾತಾಡಿದ. ಆದರೆ ದೇವಾಲಯದ ಬೆಳ್ಳಿ ಬಂಗಾರ ತೆಗೆದು ಅಸ್ಸೀರಿಯದ ಅರಸನಿಗೆ ಕಾಣಿಕೆ ಕಳುಹಿಸಿ ನೆರವು ಬೇಡಿದ. ಭಕ್ತಿಯ ಮಾತಿನ ಹಿಂದೆ ಆಮೆನ್ ಇರಲಿಲ್ಲ. ಅರಮನೆಯಲ್ಲಿ ಸಿಗದ ಆ ಉತ್ತರಕ್ಕಾಗಿ ದೇವರು ಏಳುನೂರು ವರ್ಷ ಕಾದರು. ಅದು ಸಿಕ್ಕಿದ್ದು ಹೆಸರೂ ಕೇಳದ ಒಂದು ಹಳ್ಳಿಯಲ್ಲಿ.

ಆಕೆಯ ಮಗ ಈ ಪದವನ್ನು ಬಳಸಿದ ರೀತಿಯೇ ಬೇರೆ. ಎಲ್ಲರೂ ಬೇರೆಯವರ ಮಾತಿಗೆ ಉತ್ತರವಾಗಿ ಆಮೆನ್ ಎನ್ನುತ್ತಿದ್ದರೆ, ಪ್ರಭು ಯೇಸು ತಮ್ಮ ಮಾತಿನ ಮೊದಲಲ್ಲೇ ಆಮೆನ್ ಎಂದರು. ಸಂತ ಯೊವಾನ್ನರ ಶುಭಸಂದೇಶದಲ್ಲಿ 25 ಸಲ ಅದು ಜೋಡಿಯಾಗಿ, ಆಮೆನ್ ಆಮೆನ್ ಎಂದೇ ಬರುತ್ತದೆ. ನಮ್ಮ ಕನ್ನಡ ಬೈಬಲ್‌ನಲ್ಲಿ ಯೇಸು 'ಸತ್ಯವಾಗಿ', 'ನಿಜವಾಗಿ' ಹೇಳುತ್ತೇನೆ ಎನ್ನುವಲ್ಲಿ ಮೂಲದಲ್ಲಿ ಅಡಗಿರುವುದು ಈ ಪದವೇ. ಪ್ರಕಟನಾ ಗ್ರಂಥವಂತೂ ಅವರನ್ನೇ 'ಆಮೆನ್' ಎಂದು ಹೆಸರಿಟ್ಟು ಕರೆಯುತ್ತದೆ.

ಈ ಪದವನ್ನು ಅನುವಾದಿಸಬಹುದಿತ್ತು, ಆದರೆ ಅದರ ಪಾವಿತ್ರ್ಯಕ್ಕಾಗಿ ಹಾಗೇ ಉಳಿಸಿಕೊಳ್ಳಲಾಯಿತು ಎಂದು ಸಂತ ಆಗಸ್ಟಿನ್ ಹೇಳುತ್ತಾರೆ. ಫ್ರಾನ್ಸಿನವರು ಬಹುಕಾಲ ತಮ್ಮ ಜಪಗಳಲ್ಲಿ 'ಹಾಗೇ ಆಗಲಿ' ಎಂಬರ್ಥದ ಫ್ರೆಂಚ್ ಮಾತನ್ನೇ ಹೇಳಿ, ಕೊನೆಗೆ ಆಮೆನ್‌ಗೆ ಮರಳಿದರು. ನಮ್ಮಲ್ಲಿಯೂ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1960ರ ದಶಕದಲ್ಲಿ ಲತೀನ್ ಹೋಗಿ ಜನಭಾಷೆ ಬಂದಾಗ ಹಿರಿಯರು ಎಲ್ಲ ಉತ್ತರಗಳನ್ನೂ ಹೊಸದಾಗಿ ಕಲಿತರು. ಆಮೆನ್ ಒಂದನ್ನು ಕಲಿಯಬೇಕಾಗಿರಲಿಲ್ಲ. ಇಂದು ಒಂದೇ ದೇವಾಲಯದಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳಂ, ಇಂಗ್ಲಿಷ್ ಪೂಜೆಗಳು ಒಂದರ ಹಿಂದೊಂದು ನಡೆಯುತ್ತವೆ. ಹೊರಗಿನ ಅಂಗಳದಲ್ಲಿ ನಿಂತವನಿಗೆ ಎಲ್ಲ ಪೂಜೆಗಳಿಂದಲೂ ಅರ್ಥವಾಗುವ ಉತ್ತರ ಆಮೆನ್, ಅಲ್ಲೆಲೂಯ ಎರಡೇ. ಭಾಷೆಯ ಹೆಸರಿನಲ್ಲಿ ಒಬ್ಬರಿಗೊಬ್ಬರು ನೋವು ಮಾಡಿಕೊಂಡಿರುವ ನಮಗೆ ಇಷ್ಟಾದರೂ ಉಳಿದಿದೆ.

ಹಳೆಯ ಕಾಲದವರು ಇದನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಅಲೆಕ್ಸಾಂದ್ರಿಯದ ಯೆಹೂದ್ಯರ ಪ್ರಾರ್ಥನಾ ಮಂದಿರ ಎಷ್ಟು ದೊಡ್ಡದಿತ್ತೆಂದರೆ, ಹಿಂದಿನವರಿಗೆ ಪ್ರಾರ್ಥನೆ ಕೇಳಿಸದೆ, ಆಮೆನ್ ಹೇಳುವ ಹೊತ್ತಿಗೆ ನಡುವಿನ ಕಟ್ಟೆಯಿಂದ ಬಟ್ಟೆ ಬೀಸಿ ತಿಳಿಸುತ್ತಿದ್ದರೆಂದು ಅವರ ತಾಲ್ಮುದ್ ಗ್ರಂಥ ಹೇಳುತ್ತದೆ. ರೋಮಿನ ದೇವಾಲಯಗಳಲ್ಲಿ ಜನರ ಆಮೆನ್ ಗುಡುಗಿನಂತೆ ಮೊಳಗುತ್ತದೆಂದು ಸಂತ ಜೆರೋಮರು ಬರೆದರು. ನಮ್ಮದು? ಅಜ್ಜಿ ಕಥೆ ಹೇಳುವಾಗ ನಿದ್ದೆಗಣ್ಣಲ್ಲಿ ಮಕ್ಕಳು ಹೂಂಗುಟ್ಟಿದ ಹಾಗೆ.

ತಪ್ಪು ನಿಮ್ಮದೊಂದೇ ಅಲ್ಲ. ಕೆಲವು ವರ್ಷಗಳ ಹಿಂದೆ ನಾವು ಒಂದು ಮನೆಗೆ ರೋಗಿಗಳ ಅಭ್ಯಂಗ ಸಂಸ್ಕಾರ ನೀಡಲು ಹೋಗಿದ್ದೆವು. ಹಾಸಿಗೆಯಲ್ಲಿ ತಾಯಿ, ಆಚೆ ಬದಿಗೆ ಹಿರಿಯ ಮಗ, ಈಚೆ ಬದಿಗೆ ಕಿರಿಯ ಮಗ. ಜಮೀನಿನ ಪಾಲಿನ ವಿಷಯದಲ್ಲಿ ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಕೋರ್ಟಿನ ಅಮೀನ ಆ ಮನೆಯ ಮೆಟ್ಟಿಲು ಹತ್ತಿ ಇಳಿದಿದ್ದ. ಅಂದು ನಮಗೆ ಇನ್ನೊಂದು ಕಡೆ ಪೂಜೆಯಿತ್ತು, ಅವಸರ. ಒಂದು ಪ್ರಾರ್ಥನೆ ಮುಗಿಸಿ ಉಸಿರು ಬಿಡದೆ ಇನ್ನೊಂದನ್ನು ಆರಂಭಿಸುತ್ತಿದ್ದೆವು. ಆ ತಾಯಿಯ ಆಮೆನ್ ಪ್ರತಿ ಸಲವೂ ತಡವಾಗಿ, ನಮ್ಮ ಮುಂದಿನ ಪ್ರಾರ್ಥನೆಯ ನಡುವೆ ಬಂದು ಬೀಳುತ್ತಿತ್ತು. ಮೂರನೆಯ ಸಲವೋ ಏನೋ, ಆಕೆ ಕಣ್ಣು ತೆರೆದು, "ಸ್ವಾಮಿ, ಸ್ವಲ್ಪ ನಿಲ್ಲಿ. ಇವರೂ ಹೇಳಲಿ" ಎಂದರು. ಆಗ ನಾವು ಗಮನಿಸಿದೆವು, ಮಕ್ಕಳಿಬ್ಬರೂ ಬಾಯಿ ತೆರೆದೇ ಇರಲಿಲ್ಲ. ಒಬ್ಬನ ದನಿಗೆ ತನ್ನ ದನಿ ಸೇರುವುದೂ ಇನ್ನೊಬ್ಬನಿಗೆ ಬೇಡವಾಗಿತ್ತು. ನಾವು ನಿಂತೆವು. ಗಡಿಯಾರದ ಸದ್ದು ಕೇಳಿಸುವಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಕಿರಿಯವನು ಆಮೆನ್ ಎಂದ. ಹಿರಿಯವನು ಗೋಡೆ ನೋಡುತ್ತಾ ಅಂದ. ತಾಯಿ ಕಣ್ಣು ಮುಚ್ಚಿದರು. ಜಮೀನಿನ ವ್ಯಾಜ್ಯ ಅಂದೇ ಬಗೆಹರಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಪೆಟ್ಟಿಗೆಯನ್ನು ಇಬ್ಬರೂ ಹೆಗಲು ಕೊಟ್ಟು ಹೊತ್ತರು.

ಆ ಮನೆಯಿಂದ ಬಂದ ಮೇಲೆ ಪರಮಪ್ರಸಾದ ಹಂಚುವಾಗಲೆಲ್ಲ ಸಂತ ಆಗಸ್ಟಿನರ ಒಂದು ಪ್ರಬೋಧನೆ ನಮ್ಮನ್ನು ಕಾಡುತ್ತದೆ. ಹೊಸದಾಗಿ ಸ್ನಾನದೀಕ್ಷೆ ಪಡೆದವರಿಗೆ ಅವರು ಹೇಳಿದರು: 'ಕ್ರಿಸ್ತರ ಶರೀರ' ಎಂಬ ಮಾತನ್ನು ಕೇಳಿ ನೀವು ಆಮೆನ್ ಎನ್ನುತ್ತೀರಿ, ಕ್ರಿಸ್ತರ ಶರೀರವೆಂದರೆ ನೀವೂ ಹೌದು, ಆ ಶರೀರದ ಅಂಗವಾಗಿ ಬಾಳಿ, ಆಗ ನಿಮ್ಮ ಆಮೆನ್ ನಿಜವಾಗುತ್ತದೆ ಎಂದು. ಆಮೆನ್ ಎಂದರೆ ಸಹಿ ಹಾಕುವುದು ಎಂಬುದೂ ಅವರದೇ ಮಾತು. ಎದುರಿಗಿರುವ ರೊಟ್ಟಿಗಷ್ಟೇ ಅಲ್ಲ, ಸಾಲಿನಲ್ಲಿ ನಮ್ಮ ಹಿಂದೆ ನಿಂತವನಿಗೂ ಆ ಸಹಿ ಸೇರುತ್ತದೆ. ಮಾತು ಬಿಟ್ಟ ತಮ್ಮ, ನಮ್ಮ ಬೇಲಿ ಸರಿಸಿದ ನೆರೆಯವನು, ಮದುವೆಗೆ ಕರೆಯದ ನಾದಿನಿ, ಎಲ್ಲರೂ ಆ ಶರೀರದಲ್ಲಿದ್ದಾರೆ. ಬಾಯಲ್ಲಿ ಆಮೆನ್, ಮನಸ್ಸಿನಲ್ಲಿ ಅಮಾನತು ಇಟ್ಟುಕೊಂಡು ಎಷ್ಟು ಸಲ ನಾಲಿಗೆ ಚಾಚಿದ್ದೇವೆ, ಕೈ ಒಡ್ಡಿದ್ದೇವೆ ಎಂದು ನಾವು ನಾವೇ ಲೆಕ್ಕ ಹಾಕಿಕೊಳ್ಳಬೇಕು. ತಪಸ್ಸು ಕಾಲ ಇನ್ನೂ ಮುಗಿದಿಲ್ಲ. ಈಸ್ಟರ್‌ಗೆ ಮುಂಚೆ ಹೋಗಿ ಬರಬೇಕಾದ ಮನೆ ಯಾವುದೆಂದು ನಿಮಗೆ ಗೊತ್ತು.

ಈಗ ಎದ್ದು ನಿಂತು ವಿಶ್ವಾಸ ಪ್ರಮಾಣವನ್ನು ಹೇಳೋಣ. ಬೇರೆ ದಿನಗಳಲ್ಲಿ ದೇವಪುತ್ರರು ಕನ್ಯಾಮರಿಯಮ್ಮನವರಲ್ಲಿ ಮನುಷ್ಯರಾದರು ಎನ್ನುವಲ್ಲಿ ತಲೆ ಬಾಗುತ್ತೇವೆ. ಇಂದು ಮತ್ತು ಕ್ರಿಸ್ಮಸ್ ದಿನ ಮಾತ್ರ ಅಲ್ಲಿ ಮೊಣಕಾಲೂರುವುದು ಧರ್ಮಸಭೆಯ ಪದ್ಧತಿ. ಮೊಣಕಾಲು ನೋವಿರುವ ಹಿರಿಯರು ಕುಳಿತೇ ತಲೆ ಬಾಗಲಿ, ಸಂಕೋಚ ಬೇಡ. ಪ್ರಮಾಣದ ಕೊನೆಯಲ್ಲಿ ಬರುವ ಆಮೆನ್‌ಗೆ ನಾವು ಇಂದು ಅವಸರ ಮಾಡುವುದಿಲ್ಲ. ಹಿಂದಿನ ಬೆಂಚಿನವರ ದನಿ ಕೇಳುವತನಕ ಕಾಯುತ್ತೇವೆ.